ಅಮೆರಿಕಾದ ಅರ್ಜಿ ಮತ್ತು ನಮ್ಮ ಹಾಸ್ಟೆಲಿನ ಹುಡುಗರು



ಯಾದಗಿರಿ ಸ್ಟೇಷನ್ನಿನಿಂದ ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗುವ ನಮ್ಮ ಜನರನ್ನು ಯಾರೂ ತಡೆದು ‘ಯಾಕೆ ಹೋಗ್ತೀಯಪ್ಪಾ, ಎರಡು ಪುಟ ಬರೆದುಕೊಡು’ ಅಂತ ಕೇಳುವುದಿಲ್ಲ. ರಟ್ಟೆ ಗಟ್ಟಿ ಇದ್ದರೆ ಸಾಕು. ಮಣ್ಣು ಹೊರಲಿಕ್ಕೆ ದೂರದ ಊರಿನ ಬಾಗಿಲು ನಮಗೆ ಯಾವಾಗಲೂ ತೆರೆದೇ ಇದೆ. ಓದಲಿಕ್ಕೆ ದೂರ ಹೋಗುತ್ತೇವೆ ಅಂದಕೂಡಲೇ ಅದೇ ಬಾಗಿಲಿಗೆ ಬೀಗ ಬೀಳುತ್ತದೆ. ಆ ಬೀಗಗಳಲ್ಲಿ ಅಮೆರಿಕಾದವರು ಹಾಕಿದ್ದು ಯಾವುದು, ದಿಲ್ಲಿಯವರು ಹಾಕಿದ್ದು ಯಾವುದು, ನಾವೇ ಹಾಕಿಕೊಂಡದ್ದು ಯಾವುದು ಎಂದು ಬೇರೆ ಬೇರೆ ಮಾಡಿ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

‘ದೋರನಹಳ್ಳಿ ಎಲ್ಲಿ, ಹಾರ್ವರ್ಡ್ ಎಲ್ಲಿ’ ಎಂದು ನಗುವವರಿದ್ದಾರೆ. ನಗಲಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಇಡೀ ರಾಜ್ಯಕ್ಕೆ ಕೊನೆಯ ಜಿಲ್ಲೆ ನಮ್ಮದೇ, ನೂರಕ್ಕೆ 50.59. ಅರ್ಧಕ್ಕರ್ಧ ಮಕ್ಕಳು ಹತ್ತರಲ್ಲೇ ನಪಾಸು. ಇಂಥ ಜಿಲ್ಲೆಯವರು ಅಮೆರಿಕಾದ ಮಾತಾಡಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರೆ. ಅವರಿಗೊಂದು ಲೆಕ್ಕ ಹೇಳಬೇಕು. 1907ರಲ್ಲಿ ಭೀಮರಾವ್ ಎಂಬ ಹುಡುಗ ಮೆಟ್ರಿಕ್ ಪಾಸಾದಾಗ ಬಂದ ಅಂಕ 750ಕ್ಕೆ 282. ನೂರಕ್ಕೆ 38 ಸಹ ಇಲ್ಲ. ಆರು ವರ್ಷ ಕಳೆದು 1913ರಲ್ಲಿ ಅದೇ ಹುಡುಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೂತಿದ್ದ. ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ಖರ್ಚು ಕೊಟ್ಟರು. ಅಲ್ಲಿ ಅರ್ಥಶಾಸ್ತ್ರ ಒಂದರಲ್ಲೇ 29 ಕೋರ್ಸು ಓದಿ ಬಂದವರು ಬಾಬಾಸಾಹೇಬರು. ಅಂಕಪಟ್ಟಿ ಮನುಷ್ಯನ ಅಳತೆಗೋಲು ಎಂದು ಇನ್ನೂ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ.

ಮೊದಲು ಅಮೆರಿಕಾದವರ ಬೀಗ ನೋಡೋಣ.

ಅಲ್ಲಿನ ಹೆಸರುವಾಸಿ ಕಾಲೇಜುಗಳಿಗೆ ಪಿಯುಸಿ ಮುಗಿಸಿ ಹೋಗಬೇಕಾದರೆ ಹೆಚ್ಚಿನ ಕಡೆ ಜನವರಿ ಮೊದಲ ವಾರದೊಳಗೆ ಅರ್ಜಿ ಹೋಗಿರಬೇಕು. ನಮ್ಮ ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಅವರ ಪಟ್ಟಿ ಮುಗಿದಿರುತ್ತದೆ. ಆದ್ದರಿಂದ ‘ಈ ಹುಡುಗನಿಗೆ ಇಷ್ಟು ಅಂಕ ಬರಬಹುದು’ ಎಂದು ಕಾಲೇಜಿನವರೇ ಬರೆದುಕೊಡಬೇಕು. ಕೌನ್ಸೆಲರ್ ಎಂಬೊಬ್ಬರ ಪತ್ರ ಬೇಕು, ಮೇಷ್ಟರ ಪತ್ರ ಬೇಕು, ಕೆಲವು ಕಡೆ ಎಸ್‌ಎಟಿ ಪರೀಕ್ಷೆ ಬೇಕು, 650 ಪದದ ಆತ್ಮಕಥೆ ಬೇಕು. ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಇದಕ್ಕೆಂದೇ ಸಂಬಳದ ಜನ ಇರುತ್ತಾರೆ. ಅದರ ಮೇಲೆ ಲಕ್ಷಗಟ್ಟಲೆ ತೆಗೆದುಕೊಳ್ಳುವ ಏಜೆಂಟರು ಬೇರೆ. ನಮ್ಮ ಸರ್ಕಾರಿ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರ ಖುರ್ಚಿಯೇ ಖಾಲಿ ಇದ್ದರೆ ಕೌನ್ಸೆಲರ್ ಎಲ್ಲಿಂದ ಬರಬೇಕು?

ಈ ಕಾಲೇಜುಗಳ ಒಂದು ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತದೆ. ಕೇಳಿದವರ ಎದೆ ಅಲ್ಲಿಗೇ ಒಡೆಯುತ್ತದೆ. ಆದರೆ ಇದು ಪೂರ್ತಿ ನಿಜವಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಎಂಬ ಕಾಲೇಜುಗಳು ಪರದೇಶದ ವಿದ್ಯಾರ್ಥಿಯನ್ನು ಆರಿಸುವಾಗಲೂ ಅವನ ಹತ್ತಿರ ದುಡ್ಡು ಇದೆಯೋ ಇಲ್ಲವೋ ನೋಡುವುದಿಲ್ಲ. ಆರಿಸಿದ ಮೇಲೆ ಕೊರತೆ ಬಿದ್ದಷ್ಟನ್ನು ತಾವೇ ಕೊಡುತ್ತವೆ. ಹಾರ್ವರ್ಡ್ 2025ರಿಂದ ವರ್ಷಕ್ಕೆ 1 ಲಕ್ಷ ಡಾಲರಿಗಿಂತ ಕಡಿಮೆ ವರಮಾನದ ಮನೆಯವರಿಗೆ ಫೀಸು, ಊಟ, ವಸತಿ ಎಲ್ಲವನ್ನೂ ಮಾಫಿ ಮಾಡಿದೆ. ನಮ್ಮ ಕೇರಿಯಲ್ಲಿ ಈ ಮಿತಿಯೊಳಗೆ ಬರದ ಮನೆ ಯಾವುದಿದೆ ಹೇಳಿ! ಉಳಿದ ಬಹಳಷ್ಟು ಕಾಲೇಜುಗಳು ಮಾತ್ರ ಪರದೇಶದವರ ಜೇಬು ನೋಡಿಯೇ ಆರಿಸುತ್ತವೆ. ಯಾವುದು ಯಾವ ಜಾತಿಯ ಕಾಲೇಜು ಎಂದು ತಿಳಿದು ಅರ್ಜಿ ಹಾಕಬೇಕು. ಅರ್ಜಿಯ ಫೀಸು ಕೂಡ ಕಟ್ಟಲಾಗದವರಿಗೆ ಮನ್ನಾ ಮಾಡುತ್ತಾರೆ, ಆದರೆ ಕೇಳಿದವರಿಗೆ ಮಾತ್ರ.

ಎಂ.ಎ. ಮಾಡಿದವರಿಗೆ ಇನ್ನೊಂದು ದಾರಿ ಇದೆ. ಅಲ್ಲಿನ ಒಳ್ಳೆಯ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಫೀಸು ಮಾಫಿ ಮಾಡಿ, ತಿಂಗಳ ಖರ್ಚಿಗೂ ಕೊಡುತ್ತವೆ. ಬಿ.ಎ. ಮುಗಿಸಿ ನೇರವಾಗಿ ಹೋಗಲು ಮಾತ್ರ ತೊಡಕಿದೆ. ಅಲ್ಲಿ ಪದವಿ ಅಂದರೆ ನಾಲ್ಕು ವರ್ಷ. ನಮ್ಮಲ್ಲಿ 2021ರಲ್ಲಿ ನಾಲ್ಕು ವರ್ಷ ಮಾಡಿದರು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಮೂರು ವರ್ಷದ ಬಿ.ಎ.ಯನ್ನು ಒಪ್ಪದ ಕಡೆ ಎಂ.ಎ. ಬೇಕಾಗುತ್ತದೆ.

ಈಗ ಮೆರಿಟ್ಟಿನ ಮಾತು. ಮೀಸಲಾತಿ ಎಂದರೆ ಮೈಮೇಲೆ ಕೆಂಡ ಬಿದ್ದವರಂತೆ ಹಾರುವವರು ಹಾರ್ವರ್ಡಿನ ಹೆಸರು ಕೇಳಿದರೆ ಕೈ ಮುಗಿಯುತ್ತಾರೆ. ಅಲ್ಲಿನ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ ಅವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ನುಂಗಿದ್ದಾರೋ. ಅಪ್ಪನೋ ಅವ್ವನೋ ಹಾರ್ವರ್ಡಿನಲ್ಲಿ ಓದಿದ್ದರೆ ಅಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 33 ಜನಕ್ಕೆ ಸೀಟು ಸಿಗುತ್ತಿತ್ತು. ಉಳಿದವರಲ್ಲಿ ನೂರಕ್ಕೆ ಆರು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಪ್ಪು ಜನರ ಮಕ್ಕಳಿಗೆ ಜನಾಂಗದ ಆಧಾರದಲ್ಲಿ ಸಿಗುತ್ತಿದ್ದ ಒತ್ತಾಸೆಯನ್ನು ಕಿತ್ತುಹಾಕಿತು. ಅಪ್ಪನ ಹೆಸರಿನ ಒತ್ತಾಸೆಯನ್ನು ಮುಟ್ಟಲಿಲ್ಲ. ಗೌಡರ ಮನೆ ಮಗ ಗೌಡ, ಕುಲಕರ್ಣಿ ಮನೆ ಮಗ ಕುಲಕರ್ಣಿ ಎಂಬ ಪದ್ಧತಿ ಅಲ್ಲೂ ಇದೆ, ಇಂಗ್ಲಿಷಿನಲ್ಲಿದೆ ಅಷ್ಟೇ.

ಇನ್ನು ಆ 650 ಪದದ ಆತ್ಮಕಥೆ. ಏಜೆಂಟರು ಹೇಳಿಕೊಡುವುದು ಒಂದೇ: ‘ಬಡತನ ಬರಿ, ಕಣ್ಣೀರು ಬರಿ.’ ನಾನು ಬೇಡ ಅನ್ನುತ್ತೇನೆ. ಹುಟ್ಟನ್ನು ಮುಚ್ಚಿಡಬೇಡಿ, ಗಾಯವನ್ನು ಸಂತೆಯಲ್ಲಿಟ್ಟು ಮಾರಲೂಬೇಡಿ. ‘ನಮ್ಮವ್ವ ಹತ್ತಿ ಬಿಡಿಸಿ ನನ್ನನ್ನು ಓದಿಸಿದಳು’ ಎಂದಷ್ಟೇ ಬರೆದರೆ ಓದಿದವರು ‘ಅಯ್ಯೋ ಪಾಪ’ ಅಂದು ಪಕ್ಕಕ್ಕಿಡುತ್ತಾರೆ. ಅವ್ವ ಬಿಡಿಸಿದ ಹತ್ತಿಯನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿದೆ? ಕೂಲಿಯನ್ನು ದಿನದ ಲೆಕ್ಕಕ್ಕೆ ಕೊಡದೆ ಕಿಲೋ ಲೆಕ್ಕಕ್ಕೆ ಯಾಕೆ ಕೊಡುತ್ತಾರೆ? ನಾರಾಯಣಪುರದ ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಬಂತು, ಭತ್ತ ಬಂತು. ಹಾಗಿದ್ದೂ ನಮ್ಮ ಕೇರಿಯಿಂದ ಗುಳೆ ಯಾಕೆ ನಿಲ್ಲಲಿಲ್ಲ? ನೀರು ಯಾರ ಹೊಲದವರೆಗೆ ಹರಿಯಿತು, ಎಲ್ಲಿ ನಿಂತಿತು? ಈ ಪ್ರಶ್ನೆಗಳು ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನ ಹುಡುಗನಿಗೆ ಹೊಳೆಯುವುದಿಲ್ಲ, ನಿಮಗೆ ಹೊಳೆಯುತ್ತವೆ. ಇವು ನಿಮ್ಮ ಗಾಯವೂ ಹೌದು, ನಿಮ್ಮ ವಿದ್ಯೆಯೂ ಹೌದು. ಅರ್ಜಿಯಲ್ಲಿ ಬರೆಯಬೇಕಾದ್ದು ಈ ವಿದ್ಯೆಯನ್ನು.

ಇಲ್ಲಿಗೇ ಬರುತ್ತದೆ ದಿಲ್ಲಿಯವರ ಬೀಗ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ್ದೊಂದು ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. 1954-55ರಲ್ಲಿ ಶುರುವಾದದ್ದು. ಹೊರದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಓದಲು ಇಡೀ ದೇಶಕ್ಕೆ 125 ಜನ, ಅದರಲ್ಲಿ ಪರಿಶಿಷ್ಟ ಜಾತಿಯವರಿಗೆ 115. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿರಬೇಕು, ವಯಸ್ಸು 35ರೊಳಗಿರಬೇಕು, ಪದವಿಯಲ್ಲಿ ನೂರಕ್ಕೆ 60 ಇರಬೇಕು. ಅಮೆರಿಕಾದಲ್ಲಿ ಓದುವವರಿಗೆ ಫೀಸಿನ ಮೇಲೆ ವರ್ಷಕ್ಕೆ 15,400 ಡಾಲರ್ ಖರ್ಚಿಗೆ. ನಮ್ಮಂಥವರಿಗೆ ಇದು ದೊಡ್ಡ ಆಸರೆ. ಇದನ್ನು ನಾನು ಹಗುರ ಮಾಡುತ್ತಿಲ್ಲ.

ಆದರೆ 2022ರಲ್ಲಿ ಈ ಯೋಜನೆಗೆ ಒಂದು ಸಾಲು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ಬಗ್ಗೆ, ಭಾರತದ ಸಮಾಜದ ಬಗ್ಗೆ ಹೊರಗೆ ಹೋಗಿ ಸಂಶೋಧನೆ ಮಾಡುವವರಿಗೆ ಈ ಹಣ ಇಲ್ಲ. ಕಾರಣ ಕೇಳಿದರೆ, ಇಂಥ ವಿಷಯಕ್ಕೆ ಬೇಕಾದ ಪುಸ್ತಕ, ಪಂಡಿತರು ಇಲ್ಲೇ ಇದ್ದಾರಲ್ಲ ಅಂದರು. ಪಂಡಿತರು ಇಲ್ಲೇ ಇದ್ದಾರೆ ನಿಜ. ಸಾವಿರಾರು ವರ್ಷದಿಂದ ಇಲ್ಲೇ ಇದ್ದಾರೆ!

ಬಾಬಾಸಾಹೇಬರು ಕೊಲಂಬಿಯಾದಲ್ಲಿ ಏನು ಬರೆದರು? 1915ರಲ್ಲಿ ಎಂ.ಎ.ಗೆ ಬರೆದದ್ದು ಪ್ರಾಚೀನ ಭಾರತದ ವ್ಯಾಪಾರದ ಬಗ್ಗೆ. 1916ರ ಮೇ 9ರಂದು ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರದ ಅಧ್ಯಾಪಕರ ಸೆಮಿನಾರಿನಲ್ಲಿ ಓದಿದ್ದು ಭಾರತದಲ್ಲಿ ಜಾತಿಗಳು ಹುಟ್ಟಿದ ಬಗೆ. 1927ರಲ್ಲಿ ಅದೇ ಕೊಲಂಬಿಯಾ ಪಿಎಚ್.ಡಿ. ಕೊಟ್ಟಿದ್ದು ಬ್ರಿಟಿಷ್ ಭಾರತದ ಪ್ರಾಂತಗಳ ಹಣಕಾಸಿನ ಮೇಲಿನ ಗ್ರಂಥಕ್ಕೆ. ಇತಿಹಾಸ, ಸಮಾಜ, ಎಲ್ಲ ಭಾರತದ್ದೇ. 2022ರ ಈ ಸಾಲನ್ನು ಮುಂದಿಟ್ಟುಕೊಂಡು ಕೂತ ಗುಮಾಸ್ತನ ಎದುರು ಭೀಮರಾವ್ ರಾಮಜಿ ಎಂಬ ಹುಡುಗ ಜಾತಿಯ ಹುಟ್ಟಿನ ಬಗ್ಗೆ ಬರೆಯುತ್ತೇನೆಂದು ಅರ್ಜಿ ಹಿಡಿದು ನಿಂತರೆ ಏನಾಗುತ್ತದೆ? ‘ವಿಷಯ ಬದಲಿಸು, ಇಲ್ಲಾ ವಾಪಸ್ ಹೋಗು.’ ಒಬ್ಬ ಮಹಾರಾಜ 1913ರಲ್ಲಿ ಮೂರು ವರ್ಷದ ಖರ್ಚು ಕೊಟ್ಟ. ಬಾಬಾಸಾಹೇಬರ ಸಂವಿಧಾನದ ಮೇಲೆ ಕೂತ ಸರ್ಕಾರ ಅವರು ಬರೆದಂಥ ವಿಷಯವನ್ನೇ ಬೇಡವೆನ್ನುತ್ತದೆ. ಪ್ರತಿ ಏಪ್ರಿಲ್ 14ಕ್ಕೆ ಹಾರ ಹಾಕುವವರಿಗೆ ಇದು ಕಾಣುವುದಿಲ್ಲವೇ?

ನಮ್ಮ ಹುಡುಗನ ಕೈಯಲ್ಲಿರುವ ದೊಡ್ಡ ಆಸ್ತಿ ಆ ಕಾಲುವೆಯ ಪ್ರಶ್ನೆ, ಗುಳೆಯ ಪ್ರಶ್ನೆ, ತಕ್ಕಡಿಯ ಪ್ರಶ್ನೆ. ಅದನ್ನೇ ಬಿಟ್ಟು ಬಾ ಅನ್ನುತ್ತದೆ ಈ ನಿಯಮ. ಯಂತ್ರ ಓದು, ಕಂಪ್ಯೂಟರ್ ಓದು, ನಿನ್ನ ಕೇರಿಯನ್ನು ಮಾತ್ರ ಓದಬೇಡ. ಕೇರಿಯ ಬಗ್ಗೆ ಪುಸ್ತಕ ಬರೆಯುವ ಹಕ್ಕು ಕೇರಿಯ ಹೊರಗಿನವರಿಗೇ ಉಳಿಯುತ್ತದೆ. ಅವರ ಮಕ್ಕಳು ಅಪ್ಪನ ದುಡ್ಡಿನಲ್ಲಿ ಹೋಗಿ ನಮ್ಮ ಮೇಲೆಯೇ ಪಿಎಚ್.ಡಿ. ಮಾಡಿ ಬರುತ್ತಾರೆ.

ನಿಯಮದೊಳಗೆ ಹಿಡಿದು ಆಯ್ಕೆಯಾದವರ ಗತಿಯನ್ನೂ ನೋಡಿ. 2025ರ ಜುಲೈನಲ್ಲಿ 106 ಜನ ಆಯ್ಕೆಯಾದರು. ಮೊದಲ ಕಂತಿನಲ್ಲಿ ಪತ್ರ ಸಿಕ್ಕಿದ್ದು 40 ಜನಕ್ಕೆ. ಉಳಿದ 66 ಜನಕ್ಕೆ ಹಣ ಇದ್ದರೆ ಕೊಡುತ್ತೇವೆ ಅಂದರು. ಆಗಸ್ಟಿಗೆ ತರಗತಿ ಶುರುವಾಗುವವನ ಕೈಗೆ ಜುಲೈನಲ್ಲಿ ‘ಇದ್ದರೆ’ ಎಂಬ ಮಾತು ಕೊಟ್ಟರೆ ಅವನು ವಿಮಾನ ಹತ್ತುವುದು ಹೇಗೆ?

ಹಾಗಾದರೆ ಆ ಪ್ರಶ್ನೆಗಳನ್ನು ಬಿಡಬೇಕೇ? ಬಿಡಬಾರದು. ಪಿಎಚ್.ಡಿ.ಗೆ ಅಲ್ಲಿನ ವಿಶ್ವವಿದ್ಯಾಲಯವೇ ಹಣ ಕೊಡುವುದಾದರೆ ದಿಲ್ಲಿಯ ಸಾಲು ನಿಮ್ಮನ್ನು ಕಟ್ಟಿಹಾಕಲಾರದು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಪರಿಶಿಷ್ಟ ಜಾತಿ, ಪಂಗಡದವರ ಹೊರದೇಶದ ಓದಿಗೆಂದೇ ಇದೆ. ಇವೆರಡನ್ನೂ ತಟ್ಟಿ ನೋಡಿ. ಆದರೆ ನಮ್ಮ ಪ್ರಶ್ನೆಗೆ ಪರದೇಶದವರು ದುಡ್ಡು ಕೊಡುತ್ತಾರೆ, ಸ್ವಂತ ದೇಶ ಕೊಡುವುದಿಲ್ಲ ಎಂಬ ಅವಮಾನವನ್ನು ಸುಮ್ಮನೆ ನುಂಗಬೇಡಿ. ಆ ಸಾಲು ಹೋಗುವ ತನಕ ಪ್ರತಿ ಸಭೆಯಲ್ಲಿ ಠರಾವು ಮಾಡಬೇಕು.

ಮೂರನೆಯದು ನಮ್ಮದೇ ಬೀಗ. ‘ಅಮೆರಿಕಾಕ್ಕ ಹೋಗಿ ಏನ್ ಮಾಡ್ತೀಪಾ? ಎಫ್‌ಡಿಎ ಬರಿ, ನೌಕ್ರಿ ಹಿಡಿ, ತಂಗಿ ಮದುವಿ ಮಾಡು.’ ಪತ್ರ ಬರೆದುಕೊಡಿ ಎಂದು ಹೋದಾಗ ನಮ್ಮವರೇ ಆದ ಒಬ್ಬ ಮೇಷ್ಟರು ನನಗೆ ಹೇಳಿದ ಮಾತಿದು. ಹಸಿದ ಮನೆಯ ಮಗ ನೌಕರಿ ಹಿಡಿಯುವುದು ತಪ್ಪಲ್ಲ. ಆದರೆ ಎಫ್‌ಡಿಎ ಪುಸ್ತಕ ಪ್ರತಿ ಹಾಸ್ಟೆಲಿನಲ್ಲಿ ಸಿಗುತ್ತದೆ, ಇದರ ಮಾಹಿತಿ ಒಂದು ಹಾಳೆಯಷ್ಟೂ ಸಿಗುವುದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಂತೂ ಕಲಬುರಗಿಗೆ ಎಂ.ಎ.ಗೆ ಕಳಿಸುವುದೇ ದೊಡ್ಡ ಜಗಳ.

ಚಿಕ್ಕದೊಂದು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನಕ್ಕೆ ಅಡ್ಡಹೆಸರಿಲ್ಲ. ಮರೆಪ್ಪ ಅಂದರೆ ಮರೆಪ್ಪ, ಅಷ್ಟೇ. ಹೀಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಅಮೆರಿಕಾದ ವೀಸಾದಲ್ಲಿ ಆ ಒಂದು ಹೆಸರನ್ನು ಅಡ್ಡಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಅಲ್ಲಿಂದ ಬ್ಯಾಂಕು, ಕಾಲೇಜು ಎಲ್ಲ ಕಡೆ ಅದೇ ಗೋಳು. ಪಾಸ್‌ಪೋರ್ಟಿಗೆ ಬರೆಯುವಾಗಲೇ ಎರಡೂ ಖಾನೆ ತುಂಬಬೇಕು, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲದರಲ್ಲೂ ಹೆಸರು ಒಂದೇ ಇರಬೇಕು. ಇಷ್ಟು ಸಣ್ಣ ಮಾತನ್ನು ಹೇಳುವವರಿಲ್ಲದೆ ಎಷ್ಟು ಜನ ಎಷ್ಟು ಅಲೆದಿದ್ದಾರೋ.

ಅಮೆರಿಕಾ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಕೆಲವು ವಾರ ನಿಲ್ಲಿಸಿದ್ದರು. ಜೂನ್‌ನಲ್ಲಿ ಶುರುಮಾಡಿದಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನೆಲ್ಲ ತೆರೆದಿಡಿ, ನೋಡುತ್ತೇವೆ ಅಂದರು. ಜಾತಿಯೂ ನಮ್ಮವರ ಪೆಟ್ಟಿಗೆಯಲ್ಲಿ ಕೂತು ಕಡಲು ದಾಟಿದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ, ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ರೋಗ ಇಲ್ಲದ ಕಡೆ ಔಷಧ ಯಾರು ಕೊಡುತ್ತಾರೆ? ಇಡೀ ಕ್ಯಾಲಿಫೋರ್ನಿಯಾಕ್ಕೆ ಅಂಥ ಕಾನೂನು ತರಲು ಹೊರಟಾಗ 2023ರ ಅಕ್ಟೋಬರಿನಲ್ಲಿ ಗವರ್ನರ್ ಸಹಿ ಹಾಕಲಿಲ್ಲ. ಕೊಲಂಬಿಯಾ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಬಂದ ಬಾಬಾಸಾಹೇಬರಿಗೂ ಇರಲು ಒಂದು ಕೋಣೆ ಸಿಗಲಿಲ್ಲ. ಡಿಗ್ರಿ ಜಾತಿಯನ್ನು ತೊಳೆಯುವ ಸೋಪಲ್ಲ. ಅದು ಹತಾರ. ಹತಾರ ಹಿಡಿದವರು ಅದನ್ನು ಯಾರಿಗಾಗಿ ಬಳಸುತ್ತಾರೆ ಎಂಬುದರ ಮೇಲೆ ಅದರ ಬೆಲೆ.

ಈಗ ಕೆಲಸದ ಮಾತು. ಪ್ರತಿ ಹಾಸ್ಟೆಲಿನಲ್ಲಿ ಒಂದು ರಿಜಿಸ್ಟರ್ ಇಡಿ. ಯಾವ ಕಾಲೇಜು, ಯಾವ ತಾರೀಖು, ಯಾವ ಕಾಗದ, ಯಾರು ಹೋಗಿದ್ದಾರೆ, ಅವರ ನಂಬರೇನು, ಎಲ್ಲ ಅದರಲ್ಲಿರಲಿ. ಹೋದವರು ತಮ್ಮ ಅರ್ಜಿಯ ಒಂದು ನಕಲನ್ನು ಆ ರಿಜಿಸ್ಟರಿಗೆ ಕೊಡಬೇಕು, ಅದು ಅವರ ಮೇಲಿನ ಸಾಲ. ದಿನಕ್ಕೊಂದು ತಾಸು ಇಂಗ್ಲಿಷನ್ನು ಗಟ್ಟಿಯಾಗಿ ಓದಿ, ತಪ್ಪಾದರೆ ನಗುವವರು ನಗಲಿ. ಟೋಫೆಲ್, ಐಇಎಲ್‌ಟಿಎಸ್ ಪರೀಕ್ಷೆಯ ಫೀಸು ಒಬ್ಬ ಕೂಲಿಯವಳ ಒಂದು ತಿಂಗಳ ದುಡಿಮೆಗಿಂತ ಹೆಚ್ಚು. ಅದನ್ನು ಇಲಾಖೆ ಮುಂಗಡ ಕೊಡಬೇಕೆಂದು ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿಗೆ ಎಲ್ಲ ಹಾಸ್ಟೆಲಿನವರೂ ಸೇರಿ ಮನವಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಭಾರತದ ಸಮಾಜವನ್ನು ಓದಬಾರದು ಎಂಬ ಸಾಲನ್ನು ತೆಗೆಯಬೇಕು, ಆಯ್ಕೆಯಾದ ಒಬ್ಬೊಬ್ಬರಿಗೂ ಪೂರ್ತಿ ಹಣ ಕೊಡಬೇಕು ಎಂಬ ಎರಡು ಬೇಡಿಕೆ ಆ ಮನವಿಯಲ್ಲಿ ಮೊದಲಿರಲಿ.

ಜನವರಿಯೊಳಗೆ ಅರ್ಜಿ ಹೋಗಬೇಕಾದರೆ ಜೂನ್‌ನಲ್ಲೇ ಕೂಡಬೇಕು. ಹಾಸ್ಟೆಲ್ ಬಾಗಿಲು ತೆರೆದ ಮೊದಲ ಭಾನುವಾರವೇ ಕೂಡಿ. ಕಾಲುವೆಯ ಪ್ರಶ್ನೆ ಹೊಳೆದವನು ಆವತ್ತೇ ಅದನ್ನು ಕನ್ನಡದಲ್ಲಿ ಬರೆದು ತರಲಿ. ಇಂಗ್ಲಿಷ್ ಮಾಡುವ ಕೆಲಸ ಎಲ್ಲರೂ ಸೇರಿ ಮಾಡೋಣ.

ಜೈಭೀಮ್.