ಹೆಸರು ಒಂದು, ಮೇಳ ಹಲವು

ಈಸೂರೆಂದೊಡನೆ ಕನ್ನಡಿಗರ ಮನಸ್ಸು 1942ಕ್ಕೆ ಹೋಗುತ್ತದೆ. ತನ್ನದೇ ಸರ್ಕಾರವನ್ನು ಸಾರಿಕೊಂಡ ಆ ಹಳ್ಳಿಯ ಐವರು ಮರುವರ್ಷದ ಮಾರ್ಚಿಯಲ್ಲಿ ಗಲ್ಲಿಗೇರಿದರು. ಒಂದೇ ವರ್ಷದ ಕಿಚ್ಚು ಒಂದು ಊರಿಗೆ ಚಿರಕೀರ್ತಿಯನ್ನು ತಂದಿತು. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಹೆಸರಾದ ಬಗೆಯೇ ಬೇರೆ. ಅಲ್ಲಿಯ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಜನರ ಬಾಯಲ್ಲಿ ನೀನಾಸಮ್, ಮುಕ್ಕಾಲು ಶತಮಾನ ಬದುಕಿರುವುದು ಕಿಚ್ಚಿನಿಂದಲ್ಲ, ತಾಳ್ಮೆಯಿಂದ.

1949ರಲ್ಲಿ ಅದು ಅಡಕೆ ತೋಟದ ನಡುವಣ ಹವ್ಯಾಸಿಗಳ ಕೂಟ. ಅಂಥ ಕೂಟಗಳು ನಾಡಿನಲ್ಲಿ ಎಷ್ಟಿರಲಿಲ್ಲ? ನಾಯಕ ಪಾತ್ರಧಾರಿಗೆ ವಯಸ್ಸಾಗುವುದರೊಳಗೆ ಬಹುಪಾಲು ಕೂಟಗಳ ಪರದೆ ಶಾಶ್ವತವಾಗಿ ಇಳಿಯುತ್ತಿತ್ತು. ಸಿನಿಮಾ ಬಂದಾಗ ನಾಟಕದವರೆಲ್ಲ ಅದನ್ನು ಶಪಿಸಿದರು, ಕೆ. ವಿ. ಸುಬ್ಬಣ್ಣನವರ ಹೆಗ್ಗೋಡಾದರೋ 1973ರಲ್ಲಿ ಚಿತ್ರಸಮಾಜವನ್ನೇ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾರನ್ನು ಹಳ್ಳಿಗರ ಮುಂದಿಟ್ಟಿತು. ಶತ್ರುವನ್ನು ಅತಿಥಿಯಾಗಿಸಿಕೊಂಡ ಈ ಜಾಣ್ಮೆಯನ್ನು ನಾವು ಸಾಕಷ್ಟು ಗಮನಿಸಿಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂದಿತು. ಕಲಿತವರಿಗೆ ಆಡಲು ರಂಗ ಬೇಕಲ್ಲವೆ? 1985ರಲ್ಲಿ ‘ತಿರುಗಾಟ’ ಹೊರಟಿತು. ಯಕ್ಷಗಾನ ಮೇಳಗಳ ಹಳೆಯ ಮಾತನ್ನೇ ಹೊಸ ನಾಟಕಕ್ಕೆ ತೊಡಿಸಿದ್ದು ಅದು. ಅಂದಿನಿಂದ ನಟರು ಬದಲಾಗುತ್ತಾರೆ, ನಾಟಕಗಳು ಬದಲಾಗುತ್ತವೆ. ಹೆಸರು ಮಾತ್ರ ಉಳಿದಿದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2005ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ.

ಹೀಗೆ ಬದಲಾದರೆ ಹಳೆಯ ಸೊಗಡು ಹೋಗುವುದಿಲ್ಲವೆ ಎಂದು ಗೊಣಗುವ ರಸಿಕರುಂಟು. ಆ ಗೊಣಗಿನಲ್ಲಿ ಸ್ವಲ್ಪ ಸತ್ಯವೂ ಉಂಟು: ಪಾಠಶಾಲೆಯ ಉಚ್ಚಾರದಲ್ಲಿ ಊರಿನ ಮಾತಿನ ಒರಟು ಕೆಲವೊಮ್ಮೆ ಕಳೆದುಹೋಗುತ್ತದೆ. ಆದರೆ ಬದಲಾಗದೆ ನಿಂತ ಕಂಪೆನಿಗಳ ಸೊಗಡು ಇಂದು ಯಾವ ಪೆಟ್ಟಿಗೆಯಲ್ಲಿದೆ?

ನಮ್ಮ ಚಿಂತೆ ಬೇರೆಯದು. ತಿರುಗಾಟದ ಮೇಳ ಒಂದೂರಿಗೆ ಬರುತ್ತದೆ, ಆಡುತ್ತದೆ, ಸಾಮಾನು ಕಟ್ಟಿಕೊಂಡು ಹೊರಡುತ್ತದೆ. ನೋಡಿದ ಊರು ನೋಡಿದ ಊರಾಗಿಯೇ ಉಳಿದರೆ ಹೆಗ್ಗೋಡಿನ ಶ್ರಮ ಅರ್ಧವೇ ಫಲಿಸಿದಂತೆ. ಶಿಕಾರಿಪುರದ ಸೀಮೆ ಅಲ್ಲಮನ ಬಳ್ಳಿಗಾವೆಯನ್ನೂ ಅಕ್ಕನ ಉಡುತಡಿಯನ್ನೂ ಪಡೆದ ನೆಲ. ಅಲ್ಲಮನು ಮದ್ದಳೆಗಾರನೆಂದೇ ನಮ್ಮ ಕಥೆಗಳು ಹೇಳುತ್ತವೆ. ಈಸೂರಿನ ಕಥೆಯನ್ನು ಆಡಲು ಈಸೂರಿನ ಸುತ್ತಲ ಶಾಲೆಗಳ ಮಕ್ಕಳಿಗಿಂತ ಹೆಚ್ಚು ಹಕ್ಕುಳ್ಳವರು ಯಾರು? ಅಲ್ಲಿಯ ಉಪಾಧ್ಯಾಯರು ಈ ಬೇಸಗೆಯ ರಜೆಗೆ ಮೊದಲೇ ಹೆಗ್ಗೋಡಿಗೆ ಒಂದು ಕಾಗದ ಬರೆಯಲಿ. ದಾರಿ ದೂರವೇನೂ ಅಲ್ಲ.