ಸೂಜಿ ಹಿಡಿದ ಕೈ ಯಾರದು?

ಮುಖದ ಸುಕ್ಕು ತೆಗೆಯುವ ಇಂಜೆಕ್ಷನ್ ಈಗ ಸಿನಿಮಾ ನಟಿಯರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ನಮ್ಮ ಪಟ್ಟಣಗಳ ಕೆಲವು ಬ್ಯೂಟಿ ಪಾರ್ಲರ್‌ಗಳ ದರಪಟ್ಟಿಯಲ್ಲಿ ಮೆಹಂದಿ, ಫೇಶಿಯಲ್‌ಗಳ ಕೆಳಗೆ ಬೊಟಾಕ್ಸ್, ಫಿಲ್ಲರ್ ಎಂಬ ಸಾಲುಗಳೂ ಸೇರಿಕೊಂಡಿವೆ. ಮಗಳ ಮದುವೆಗೆ ಮುಂಚೆ ಒಮ್ಮೆ ಮಾಡಿಸಿಕೊಂಡರೆ ಹೇಗೆ ಎಂದು ಯೋಚಿಸುವ ತಾಯಂದಿರೂ ಇದ್ದಾರೆ. ಇದು ಧಾರ್ಮಿಕವಾಗಿ ಸರಿಯೇ ಎಂಬುದನ್ನು ನೀವು ನಂಬುವ ಉಲಮಾಗಳಲ್ಲಿ ಕೇಳಿ. ನನ್ನ ಆತಂಕ ಬೇರೆಯದು. ಮಾಡಿಸಿಕೊಳ್ಳುವವರು ತಮ್ಮ ಮುಖವನ್ನು ಯಾರ ಕೈಗೆ ಒಪ್ಪಿಸುತ್ತಿದ್ದಾರೆ?

ಸಹೋದರಿಯರೇ, ಅನೇಕರು ಪಾರ್ಲರನ್ನು ಆರಿಸುವುದು ದುಡ್ಡಿನ ಲೆಕ್ಕದಿಂದ ಮಾತ್ರವಲ್ಲ. ಅಲ್ಲಿ ಹೆಂಗಸರೇ ಇರುತ್ತಾರೆ, ಪರಪುರುಷರ ಎದುರು ಕೂರಬೇಕಾಗಿಲ್ಲ ಎಂಬ ಸಮಾಧಾನವೂ ಇದೆ. ಈ ಸಂಕೋಚವನ್ನು ಹಗುರವಾಗಿ ಕಾಣಬಾರದು. ಆದರೆ ಸೂಜಿ ಹಿಡಿದವಳು ಹೆಂಗಸು ಎಂದ ಮಾತ್ರಕ್ಕೆ ಆಕೆ ವೈದ್ಯೆಯಾಗುವುದಿಲ್ಲ. ಮಂಗಳೂರು, ಬೆಂಗಳೂರು, ಹುಬ್ಬಳ್ಳಿಯಂತಹ ನಗರಗಳಲ್ಲಿ ಚರ್ಮರೋಗ ತಜ್ಞೆಯರಿದ್ದಾರೆ. ಸಮಯ ಗೊತ್ತುಪಡಿಸುವಾಗಲೇ ಫೋನಿನಲ್ಲಿ, "ಇಂಜೆಕ್ಷನ್ ಕೊಡುವವರು ಲೇಡಿ ಡಾಕ್ಟರೇ ತಾನೇ? ನನ್ನ ಜೊತೆ ಅಕ್ಕ ಒಳಗೆ ಬರಬಹುದೇ?" ಎಂದು ಕೇಳಿ. ಇದಕ್ಕೆ ಮುಖ ಸಿಂಡರಿಸುವ ಕ್ಲಿನಿಕ್ ನಿಮಗೆ ಬೇಡ.

ಬೊಟಾಕ್ಸ್ ಕ್ರೀಮು, ಪೌಡರಿನ ಜಾತಿಗೆ ಸೇರಿದ್ದಲ್ಲ. ಬ್ಯಾಕ್ಟೀರಿಯಾದಿಂದ ತೆಗೆದ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಬಳಸಿ ಸ್ನಾಯುವನ್ನು ಕೆಲವು ತಿಂಗಳು ಸಡಿಲಗೊಳಿಸುವ ಔಷಧ ಅದು. ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ, ಅದನ್ನು ಸಲೈನ್‌ನಲ್ಲಿ ಕರಗಿಸಬೇಕು. ಎಷ್ಟು ಯೂನಿಟ್, ಯಾವ ಸ್ನಾಯುವಿಗೆ, ಎಷ್ಟು ಆಳಕ್ಕೆ ಎಂಬುದು ತಿಳಿದಿರಬೇಕು. ಒಂದು ಕಂಪೆನಿಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವೂ ಅಲ್ಲ. ಜಾಗ ತಪ್ಪಿದರೆ ಕಣ್ಣಿನ ರೆಪ್ಪೆ ವಾರಗಟ್ಟಲೆ ಜೋತು ಬೀಳಬಹುದು. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಇದನ್ನು ಕೊಡುವುದಿಲ್ಲ. ಕೆಲವು ನರ-ಸ್ನಾಯು ಕಾಯಿಲೆಗಳಿದ್ದರೂ ಕೊಡಬಾರದು. ನಿಮ್ಮ ಕಾಯಿಲೆ, ಮಾತ್ರೆಗಳ ಬಗ್ಗೆ ಏನೂ ಕೇಳದೆ ಸೂಜಿ ಎತ್ತುವವರ ಎದುರಿನಿಂದ ಎದ್ದು ಬನ್ನಿ.

ಹಾಗಾದರೆ ಅರ್ಹರು ಯಾರು? ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಅದರ ಮೇಲೆ ಚರ್ಮ ವಿಭಾಗದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಮೂರು ವರ್ಷ, ಇಲ್ಲವೇ ಡಿಪ್ಲೊಮಾ ಮಾಡಿದವರು, ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿದವರು. ಅವರಲ್ಲೂ ಈ ಇಂಜೆಕ್ಷನ್‌ಗಳನ್ನು ನಿಯಮಿತವಾಗಿ ಕೊಟ್ಟು ಅಭ್ಯಾಸವಿರುವವರು. "ಕಾಸ್ಮೆಟಾಲಜಿಸ್ಟ್" ಎಂಬ ಪದ ಕೇಳಲು ದೊಡ್ಡದು. ಆದರೆ ಒಂದೆರಡು ದಿನದ ತರಬೇತಿಯ ಸರ್ಟಿಫಿಕೇಟಿಗೂ ಚಿನ್ನದ ಬಣ್ಣದ ಚೌಕಟ್ಟು ಹಾಕಬಹುದು. ಮಗುವನ್ನು ಶಾಲೆಗೆ ಸೇರಿಸುವಾಗ ಟೀಚರ್ ಏನು ಓದಿದ್ದಾರೆ ಎಂದು ವಿಚಾರಿಸುವ ನಾವು ಇಲ್ಲಿ ಮಾತ್ರ ಏಕೆ ನಾಚಬೇಕು? ಡಾಕ್ಟರ ಹೆಸರು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಿರಬೇಕು, ಆ ಸಂಖ್ಯೆಯನ್ನು ಕೇಳಿ ಪಡೆಯಿರಿ. ಕ್ಲಿನಿಕ್‌ಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿ ಇರಬೇಕು. ಆ ಪ್ರಮಾಣಪತ್ರ ಜನರಿಗೆ ಕಾಣುವಂತೆ ಇರಬೇಕಾದದ್ದು.

ಗಲ್ಫ್‌ನಲ್ಲಿರುವ ಸಹೋದರಿಯರಿಗೂ ಒಂದು ಮಾತು. ದುಬೈಯಲ್ಲಿ ವೈದ್ಯರಿಗೆ ದುಬೈ ಹೆಲ್ತ್ ಅಥಾರಿಟಿಯ ಲೈಸೆನ್ಸ್ ಬೇಕು. ಚೀಲದಲ್ಲಿ ಸಿರಿಂಜ್ ಇಟ್ಟುಕೊಂಡು ಫ್ಲ್ಯಾಟಿಗೇ ಬರುವ "ಪರಿಚಯದವರನ್ನು" ಚಹಾ ಕೊಟ್ಟು ಕಳುಹಿಸಿ.

ಇನ್ನು ಸೀಸೆ. ಅದನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ. ಕಂಪೆನಿಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅರ್ಧ ಬೆಲೆ ಹೇಳುವಲ್ಲಿ ಔಷಧ ನಕಲಿಯಿರಬಹುದು, ನೀರು ಹೆಚ್ಚಾಗಿರಬಹುದು.

ಫಿಲ್ಲರ್‌ನ ಅಪಾಯ ಇನ್ನೂ ದೊಡ್ಡದು. ಅದು ಕೆನ್ನೆ, ತುಟಿ, ಬಾಯಿಯ ಪಕ್ಕದ ಗೆರೆಗಳನ್ನು ತುಂಬುವ ಜೆಲ್. ಆ ಜೆಲ್ ತಪ್ಪಿ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಸತ್ತುಹೋಗಬಹುದು. ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋದದ್ದುಂಟು. ಮೂಗು ಮತ್ತು ಹುಬ್ಬುಗಳ ನಡುವಿನ ಜಾಗ ಹೆಚ್ಚು ಅಪಾಯದ್ದು. ಹಯಲುರೋನಿಕ್ ಆಸಿಡ್‌ನ ಫಿಲ್ಲರ್ ಆದರೆ ಕರಗಿಸಲು ಹಯಲುರೋನಿಡೇಸ್ ಎಂಬ ಔಷಧವಿದೆ. ಶಾಶ್ವತ ಫಿಲ್ಲರ್‌ಗಳಿಗೆ ಆ ದಾರಿಯಿಲ್ಲ. ಆದ್ದರಿಂದ ಡಾಕ್ಟರರ ಮುಂದೆ ಕುಳಿತಾಗ ಎರಡು ಪ್ರಶ್ನೆ ಕೇಳಲೇಬೇಕು: "ಇದು ಕರಗಿಸಬಹುದಾದ ಫಿಲ್ಲರೇ? ಕರಗಿಸುವ ಔಷಧ ಈಗ ಇಲ್ಲೇ ಇದೆಯೇ?" ಎರಡಕ್ಕೂ ಸ್ಪಷ್ಟವಾಗಿ ಹೌದು ಎನ್ನುವವರಲ್ಲಿ ಮಾತ್ರ ಮುಂದುವರಿಯಿರಿ.

ಮನೆಗೆ ಬಂದ ಮೇಲೆ ಚರ್ಮ ಬಿಳುಚಿದರೆ ಅಥವಾ ಬಲೆಯಂತೆ ನೀಲಿಗಟ್ಟಿದರೆ, ನೋವು ಏರುತ್ತಲೇ ಹೋದರೆ, ಬೆಳಗಾಗಲಿ ಎಂದು ಕಾಯದೆ ಆ ಡಾಕ್ಟರಿಗೆ ಕರೆ ಮಾಡಿ ಹೊರಡಿ. ಕಣ್ಣು ಮಂಜಾದರೆ ನೇರವಾಗಿ ಕಣ್ಣಿನ ತಜ್ಞರಿರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಯಾವ ಫಿಲ್ಲರ್ ಹಾಕಿಸಿಕೊಂಡಿರಿ ಎಂದು ಬರೆದಿರುವ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.