ಮೊದಲ ಪ್ರವಾಸ ಪುಣಜನೂರಿನ ದಾರಿಯಲ್ಲಿ

ಡಿಸೆಂಬರ್ ಬಂತೆಂದರೆ ಚಾಮರಾಜನಗರದ ಕಡೆಯ ಶಾಲೆಗಳಲ್ಲಿ ಪ್ರವಾಸದ ಲೆಕ್ಕ ಶುರು. ತಲೆಗೆ ಇಷ್ಟು ಹಣ, ಮೂರು ದಿನ, ಆರು ಊರು. ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡು, ಹಗಲೆಲ್ಲ ನಿದ್ದೆ. ಮೇಷ್ಟರಾಗಿ ನಾನೂ ಆ ಬಸ್ಸುಗಳಲ್ಲಿ ಮಕ್ಕಳ ತಲೆ ಎಣಿಸಿದವನೇ. ಬೇಲೂರು, ಜೋಗ ಬೇಡ ಎನ್ನುವುದಿಲ್ಲ. ಆದರೆ ಮಗುವಿನ ಮೊದಲ ಪ್ರವಾಸ ಪುಣಜನೂರಿನ ದಾರಿಯಲ್ಲಿ ಆಗಬೇಕು ಎಂಬುದು ನನ್ನ ಹಟ.

ಅಲ್ಲೇನಿದೆ? ಒಂದು ಚೆಕ್‌ಪೋಸ್ಟು. ಬೆಂಗಳೂರು–ಕೊಯಮತ್ತೂರು ಹೆದ್ದಾರಿ ಇಲ್ಲಿ ಕಾಡು ಹೊಕ್ಕು ತಮಿಳುನಾಡು ಸೇರುತ್ತದೆ. ಮುಂದೆ ಆಸನೂರಿನ ಬಳಿ ಆನೆಗಳೂ ಲಾರಿ ತಡೆಯುತ್ತವೆ, ಕಬ್ಬಿನ ಲಾರಿಯಾದರೆ. ರಸೀದಿ ಮಾತ್ರ ಕೊಡುವುದಿಲ್ಲ.

ಗಡಿ ದಾಟಿದರೂ ಕನ್ನಡ ಮುಗಿಯದು. 1956ರಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಆ ಸೀಮೆಯಲ್ಲೇ. ಬೋರ್ಡು ತಮಿಳಿನಲ್ಲಿ, ಅದರ ಕೆಳಗೆ ಕೂತವರ ಹರಟೆ ಕನ್ನಡದಲ್ಲಿ. ಭೂಪಟದ ಗೆರೆಯ ಬಗ್ಗೆ ನಾನು ವಾರವಿಡೀ ಒದರಿದರೂ ತಲೆಗೆ ಹತ್ತದ್ದು ತಾಳವಾಡಿಯ ಚಹಾದಂಗಡಿಯಲ್ಲಿ ಹತ್ತುತ್ತದೆ.

ಅದೇ ಸೀಮೆಯ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೇ ಗೊರೆಹಬ್ಬ. ಊರಿನ ಸಗಣಿಯೆಲ್ಲ ಬೀರೇಶ್ವರನ ಗುಡಿಯ ಹಿಂದೆ ರಾಶಿ ಬೀಳುತ್ತದೆ. ಹುಲ್ಲಿನ ಮೀಸೆ ಕಟ್ಟಿದ ಚಾಡಿಕೋರನ ವೇಷದವ ಕತ್ತೆಯೇರಿ ಮೆರವಣಿಗೆ ಬರುತ್ತಾನೆ. ಆಮೇಲೆ ಗಂಡಸರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ, ಬೈದಾಡುತ್ತಾರೆ, ನಗುತ್ತಾರೆ. ಸ್ಪೇನಿನ ಬುನ್ಯೋಲ್‌ನಲ್ಲಿ ಆಗಸ್ಟಿನ ಕೊನೆಯ ಬುಧವಾರ ಟೊಮೆಟೊ ಎರಚಾಟ. ಅದಕ್ಕಾಗಿ ವೀಸಾ ಮಾಡಿಸುವವರಿದ್ದಾರೆ. ಗುಮಟಾಪುರಕ್ಕೆ ವೀಸಾ ಬೇಡ, ತಿನ್ನುವ ಹಣ್ಣೂ ಹಾಳಾಗದು. ಎರಚಿ ಉಳಿದ ಸಗಣಿ ಹೊಲಕ್ಕೆ ಗೊಬ್ಬರ.

ಹೊರದೇಶವೇ ಬೇಕೆಂದರೆ ನಮ್ಮದೇ ಹನೂರು ತಾಲ್ಲೂಕಿನ ಒಡೆಯರಪಾಳ್ಯವಿದೆ. ಅಲ್ಲಿನ ಟಿಬೆಟನ್ನರು 1970ರ ದಶಕದಿಂದ ಮುಸುಕಿನ ಜೋಳ ಬೆಳೆದುಕೊಂಡು, ಬೌದ್ಧ ವಿಹಾರ ಕಟ್ಟಿಕೊಂಡು ನೆಲೆಸಿದ್ದಾರೆ.

‘ಇದೆಲ್ಲ ಏನ್ ನೋಡೋದು ಮೇಷ್ಟ್ರೇ, ಊಟಿಗಾದ್ರೂ ಕರ್ಕೊಂಡ್ ಹೋಗಿ’ ಎನ್ನುತ್ತಾರೆ ತಂದೆತಾಯಿ. ಊಟಿಯ ದಾರಿ ಗುಂಡ್ಲುಪೇಟೆ ಮೇಲೆಯೇ ಹಾದುಹೋಗುವುದು. ಮಳೆಗಾಲದಲ್ಲಿ ಅಲ್ಲಿನ ಸೂರ್ಯಕಾಂತಿ, ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಕೇರಳದಿಂದ ಜನ ಬರುತ್ತಾರೆ. ಹೊಲಕ್ಕಿಳಿದವರಿಂದ ದುಡ್ಡು ಪಡೆಯುವ ರೈತರೂ ಇದ್ದಾರೆ. ನಮ್ಮವರಿಗೆ ಅದು ಬರೀ ಹೊಲ.

ಒಂದು ವಿಷಯಕ್ಕೆ ಮಾತ್ರ ನನ್ನ ವಿರೋಧ. ಕಾಡಿನ ಸೋಲಿಗರ ಪೋಡುಗಳನ್ನೂ, ಅಂದರೆ ಹಾಡಿಗಳನ್ನೂ, ಈ ಪಟ್ಟಿಗೆ ಸೇರಿಸಿ ಎನ್ನುವ ಉತ್ಸಾಹಿಗಳಿದ್ದಾರೆ. ಬಿಳಿಗಿರಿರಂಗನ ಕಾಡಿನ ಸೋಲಿಗರ ಗ್ರಾಮಸಭೆಗಳು ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕು ಪಡೆದಿವೆ; ಅವರು ಕಾಡಿನ ಹಕ್ಕುದಾರರು, ನೋಟದ ವಸ್ತುವಲ್ಲ. ಪೋಡಿನ ಮಕ್ಕಳು ನಮ್ಮ ತರಗತಿಯಲ್ಲೇ ಕೂತಿರುವಾಗ ಅವರ ಮನೆ ನೋಡಲು ಬಸ್ಸು ಮಾಡಿಕೊಂಡು ಹೋಗುವುದು ಎಂಥ ಮರ್ಯಾದೆ? ಕರೆದರೆ ಹೋಗೋಣ. ಅಲ್ಲಿಯವರೆಗೆ ಆ ಮಕ್ಕಳೇ ಒಂದು ಶನಿವಾರ ಶಾಲೆಯ ಹಿಂದಿನ ಕುರುಚಲಿನಲ್ಲಿ ನಮ್ಮನ್ನು ಸುತ್ತಾಡಿಸಲಿ. ಯಾವ ಸೊಪ್ಪು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬುದು ಮೇಷ್ಟರಿಗೂ ಗೊತ್ತಿಲ್ಲ.